60 ಪಾಯಿಂಟ್ ಯಾರ ಖಾತೆಗೆ?

ದಸರಾ ರಜೆಗೆ ಮೈಸೂರಿಗೆ ಹೋಗಿದ್ದೆ. ಅಣ್ಣನ ಮಗಳು ಊಟದ ಮೇಜಿನ ಮೇಲೆ ನೋಟ್‌ಬುಕ್ ಹರಡಿಕೊಂಡು ಕೂತಿದ್ದಳು. ಅವಳಿಗೆ ಈಗ 13. ಸ್ಕೂಲ್ ಟೀಮಿನಲ್ಲಿ ಬ್ಯಾಸ್ಕೆಟ್‌ಬಾಲ್ ಆಡುತ್ತಾಳೆ. ಬೆನ್ನ ಮೇಲೆ 24 ಅಂತ ಬರೆದಿರುವ ಹಳದಿ ಜರ್ಸಿ ಒಂದಿದೆ. ಒಗೆಯೋಕೆ ಹಾಕು ಅಂದರೂ ಹಾಕಲ್ಲ, ಅದರಲ್ಲೇ ಮಲಗುತ್ತಾಳೆ. ರಜೆಯ ಹೋಮ್‌ವರ್ಕ್ ಅಂತ 'ನನ್ನ ಮೆಚ್ಚಿನ ಆಟಗಾರ' ಕುರಿತು ಎರಡು ಪುಟ ಬರೆಯಬೇಕಿತ್ತು. ಒಂದೂವರೆ ಪುಟ ತುಂಬಿತ್ತು. ಅಮೆರಿಕದ ಲಾಸ್ ಏಂಜಲಿಸ್ ಲೇಕರ್ಸ್ ತಂಡದ ಕೋಬಿ ಬ್ರಯಾಂಟ್‌ನ ಐದು ಚಾಂಪಿಯನ್‌ಶಿಪ್, ಟೊರಾಂಟೊ ವಿರುದ್ಧದ 81 ಪಾಯಿಂಟ್, ಕೊನೆಯ ದಿನದ 60 ಪಾಯಿಂಟ್, ಹೆಲಿಕಾಪ್ಟರ್ ದುರಂತ, ಎಲ್ಲಾ ಇತ್ತು. ಆಮೇಲೆ ಪೆನ್ನು ಕೆಳಗಿಟ್ಟಳು. ಅಡುಗೆಮನೆಯಲ್ಲಿದ್ದ ಅವರಮ್ಮನಿಗೆ ಕೇಳಿಸಬಾರದು ಅನ್ನೋ ಹಾಗೆ ಮೆಲ್ಲಗೆ ಕೇಳಿದಳು: "ಅತ್ತೆ, 2003ರಲ್ಲಿ ಕೋಬಿ ಮೇಲೆ ಕೇಸ್ ಆಗಿತ್ತಂತೆ. ನಿಜಾನಾ? ಅದನ್ನೂ ಬರೀಬೇಕಾ?"

"ನಾಳೆ ಮಾತಾಡೋಣ ಪುಟ್ಟಿ" ಅಂದೆ. ಅವಳು ತಲೆ ಅಲ್ಲಾಡಿಸಿ ಮತ್ತೆ ಬರೆಯೋಕೆ ಕೂತಳು. ನನಗೆ ಮಾತ್ರ ರಾತ್ರಿ ನಿದ್ದೆ ಹತ್ತಲಿಲ್ಲ. ಅವಳು ಕೇಳಿದ್ದು ಕೋಬಿ ಮೇಲಿದ್ದ ಲೈಂಗಿಕ ದೌರ್ಜನ್ಯದ ಕೇಸಿನ ಬಗ್ಗೆ. ಆ ಪ್ರಶ್ನೆ ನನಗೆ ಹೊಸದಲ್ಲ. ಇದೇ ಮನೆಯ ಇದೇ ಹಾಲ್‌ನಲ್ಲಿ, ಕೋಬಿ ನಿವೃತ್ತಿಯಾದ ದಿನ, ಅದು ನನ್ನ ಬಾಯಿ ತನಕ ಬಂದು ವಾಪಸ್ ಹೋಗಿತ್ತು. ಆವತ್ತು ನಾನೂ ಅಣ್ಣನೂ ಗಂಟೆಗಟ್ಟಲೆ ಜಗಳ ಆಡಿದ್ದೆವು. ಕೋಬಿ ದೊಡ್ಡವನಾ, ಎಷ್ಟು ದೊಡ್ಡವನು, ಯಾರಿಗಿಂತ ದೊಡ್ಡವನು ಅಂತ. ಅಷ್ಟೊಂದು ಮಾತಾಡಿದರೂ ಈ ಒಂದು ಮಾತನ್ನು ಇಬ್ಬರೂ ಎತ್ತಲಿಲ್ಲ.

ರಜೆಯ ದಿನದ ಬೆಳಿಗ್ಗೆ

2016ರ ಏಪ್ರಿಲ್ 14. ಲಾಸ್ ಏಂಜಲಿಸ್‌ನಲ್ಲಿ 13ರ ರಾತ್ರಿ, ನಮಗೆ ಬೆಳಿಗ್ಗೆ ಎಂಟು ಗಂಟೆ. ಅಂಬೇಡ್ಕರ್ ಜಯಂತಿ ಅಂತ ರಜೆ ಇತ್ತು. ಅಣ್ಣ ಸಹಕಾರಿ ಬ್ಯಾಂಕಿನಲ್ಲಿ ಕೆಲಸ ಮಾಡೋನು, ವಾರದ ದಿನ ಬೆಳಿಗ್ಗೆ ಮ್ಯಾಚ್ ನೋಡೋ ಭಾಗ್ಯ ಅವನಿಗೆ ಯಾವತ್ತೂ ಇರಲಿಲ್ಲ. "ಕೋಬಿ ನನಗೋಸ್ಕರ ರಜೆ ದಿನವೇ ರಿಟೈರ್ ಆಗ್ತಿದ್ದಾನೆ ನೋಡು" ಅಂದ. ಲ್ಯಾಪ್‌ಟಾಪನ್ನು ಟಿವಿಗೆ ಜೋಡಿಸಿ, ಸೋಫಾ ಎಳೆದುಕೊಂಡು ಕೂತ. ಅತ್ತಿಗೆ ತಟ್ಟೆಯಲ್ಲಿ ಇಡ್ಲಿ ತಂದಿಟ್ಟರು. ಆಗ ನಾಲ್ಕು ವರ್ಷದವಳಾಗಿದ್ದ ಪುಟ್ಟಿ ಅವರಪ್ಪನ ಕಾಲ ಮೇಲೆ ಕೂತು ಇಡ್ಲಿಯನ್ನು ಚೂರು ಚೂರು ಮಾಡುತ್ತಿದ್ದಳು.

ಆ ಸೀಸನ್ ಲೇಕರ್ಸ್ ಪಾಲಿಗೆ ತುಂಬಾ ಕೆಟ್ಟದು. 82 ಪಂದ್ಯದಲ್ಲಿ ಗೆದ್ದದ್ದು 17. ಕೋಬಿಗೆ 37 ವರ್ಷ, ಮೈಯೆಲ್ಲಾ ರಿಪೇರಿ. ಎದುರಿಗೆ ಯೂಟಾ ಜಾಝ್. ಮೊದಲ ಐದು ಶಾಟ್ ಒಂದೂ ಒಳಗೆ ಬೀಳಲಿಲ್ಲ. ಅಣ್ಣ ಇಡ್ಲಿ ಮುಟ್ಟಲಿಲ್ಲ. ಆಮೇಲೆ ಒಂದು ಬಿತ್ತು, ಇನ್ನೊಂದು ಬಿತ್ತು. ಕೊನೆಯ ಕ್ವಾರ್ಟರ್ ಬಂದಾಗ ಮನೆಯಲ್ಲಿ ಯಾರೂ ಉಸಿರಾಡ್ತಿದ್ದಂತೆ ಅನ್ನಿಸಲಿಲ್ಲ. ಅದೊಂದೇ ಕ್ವಾರ್ಟರ್‌ನಲ್ಲಿ 23 ಪಾಯಿಂಟ್. ಇನ್ನು ಕೆಲವೇ ನಿಮಿಷ ಇದ್ದಾಗ ಲೇಕರ್ಸ್ ಹತ್ತು ಪಾಯಿಂಟ್ ಹಿಂದೆ ಇತ್ತು. ಅರ್ಧ ನಿಮಿಷ ಉಳಿದಿದ್ದಾಗ ಕೋಬಿ ಬಲಗಡೆಗೆ ಡ್ರಿಬಲ್ ಮಾಡಿ, ನಿಂತು, ಎದ್ದು ಎಸೆದ. 97-96. ಅಣ್ಣ ಕೂಗಿದ ಕೂಗಿಗೆ ಪುಟ್ಟಿ ಹೆದರಿ ಅತ್ತಳು. ಮಗುವನ್ನು ಎತ್ತಿಕೊಂಡು ಸಮಾಧಾನ ಮಾಡುತ್ತಲೇ ಅವನೂ ಅಳುತ್ತಿದ್ದ. ಲೇಕರ್ಸ್ 101, ಜಾಝ್ 96. ಕೋಬಿ 60.

ಆಗ ಟಿವಿಯಲ್ಲಿ ಅಂಕಿಅಂಶ ಬಂತು. 50 ಶಾಟ್, 22 ಒಳಗೆ. ಮೂರು ಪಾಯಿಂಟಿನ ಶಾಟ್ 21 ಎಸೆದು 6. ಅವನ ಇಡೀ ವೃತ್ತಿಯಲ್ಲಿ ಒಂದೇ ಪಂದ್ಯದಲ್ಲಿ 50 ಸಲ ಎಸೆದದ್ದು ಅದೇ ಮೊದಲು. ನನಗೆ ತಡೆದುಕೊಳ್ಳೋಕೆ ಆಗಲಿಲ್ಲ. "ಐವತ್ತು ಸಲ ಒಬ್ಬನೇ ಎಸೆದರೆ ಅದು ಬ್ಯಾಸ್ಕೆಟ್‌ಬಾಲಾ ಅಣ್ಣ? ಉಳಿದ ನಾಲ್ಕು ಜನ ಏನು ಮಾಡ್ತಿದ್ರು?" ಅಂದೆ. ಅವನು ನನ್ನ ಮುಖ ನೋಡಿದ. "ಇವತ್ತೊಂದು ದಿನ ಬಿಡೇ" ಅಂದ. ನಾನು ಬಿಡಲಿಲ್ಲ.

ನಾನು ಯಾಕೆ ಹಾಗಂದೆ ಅಂತ ಹೇಳಬೇಕು. ಕಾಲೇಜಿನಲ್ಲಿ ನಾನು ಪಾಯಿಂಟ್ ಗಾರ್ಡ್. ಚೆಂಡು ತಂದು ಬೇರೆಯವರಿಗೆ ಕೊಡೋದೇ ನನ್ನ ಕೆಲಸ. ನಮ್ಮ ಕೋಚ್ ಸರ್ ಪ್ರಾಕ್ಟೀಸ್ ಮುಗಿದ ಮೇಲೆ ಎಷ್ಟು ಪಾಯಿಂಟ್ ಹೊಡೆದೆ ಅಂತ ಕೇಳ್ತಿರಲಿಲ್ಲ, "ಇವತ್ತು ಯಾರ ಕೈಗೆ ಚೆಂಡು ಸಿಗಲಿಲ್ಲ?" ಅಂತ ಕೇಳುತ್ತಿದ್ದರು. ಹೆಸರು ಹೇಳಬೇಕಿತ್ತು. ಆ ಪ್ರಶ್ನೆ ತಲೆಯಲ್ಲಿಟ್ಟುಕೊಂಡು ಬೆಳೆದವಳು ನಾನು. ಕೋಬಿಯನ್ನು ನೋಡಿದಾಗಲೆಲ್ಲ ನನ್ನ ಕಣ್ಣು ಮೂಲೆಯಲ್ಲಿ ಕೈ ಚಾಚಿ ಸುಮ್ನೆ ನಿಂತಿರೋ ಆಟಗಾರನ ಕಡೆಗೇ ಹೋಗುತ್ತಿತ್ತು. ಆದರೆ ಆ ದಿನ ನಾನು ನೋಡಿಯೂ ಹೇಳದ ಇನ್ನೊಂದು ವಿಷಯ ಇದೆ. ಕೊನೆಯ ಸೆಕೆಂಡುಗಳಲ್ಲಿ ಕೋಬಿ ಮಾಡಿದ ಕಟ್ಟಕಡೆಯ ಕೆಲಸ ಒಂದು ಪಾಸ್. ಅಂಕಣದ ಉದ್ದಕ್ಕೂ ಎಸೆದ ಪಾಸ್, ಅದೇ ತಂಡದ ಜೋರ್ಡನ್ ಕ್ಲಾರ್ಕ್‌ಸನ್ ಅದನ್ನು ಹಿಡಿದು, ಹಾರಿ ರಿಂಗಿನೊಳಗೆ ಡಂಕ್ ಮಾಡಿದ. 20 ವರ್ಷದ ಆಟದಲ್ಲಿ ಕೊನೆಯದಾಗಿ ಅವನ ಕೈ ಬಿಟ್ಟ ಚೆಂಡು ಇನ್ನೊಬ್ಬನಿಗೆ ಹೋಯಿತು. ವಾದ ಗೆಲ್ಲಬೇಕು ಅನ್ನೋ ಹಟದಲ್ಲಿ ನಾನದನ್ನು ನುಂಗಿಕೊಂಡೆ.

ಡಂಕನ್ ಹೋದ ರೀತಿ

ನನ್ನ ಆಟಗಾರ ಟಿಮ್ ಡಂಕನ್. ಅದೇ ವರ್ಷ ಜುಲೈ 11ಕ್ಕೆ ಅವನೂ ನಿಂತ. ಹೇಗೆ ಅಂದರೆ, ಸ್ಯಾನ್ ಆಂಟೋನಿಯೊ ಸ್ಪರ್ಸ್ ತಂಡ ಒಂದು ಪತ್ರಿಕಾ ಪ್ರಕಟಣೆ ಹೊರಡಿಸಿತು, ಅಷ್ಟೇ. ಸುದ್ದಿಗೋಷ್ಠಿ ಇಲ್ಲ, ಮೈಕ್ ಇಲ್ಲ. ಮಾರನೇ ದಿನ ಕೋಚ್ ಗ್ರೆಗ್ ಪಾಪೊವಿಚ್ ಡಂಕನ್ ಮುಖ ಇರೋ ಟೀ ಶರ್ಟ್ ಹಾಕಿಕೊಂಡು ಬಂದು ಮಾತಾಡಿದರು. ಡಂಕನ್ ಅಲ್ಲಿರಲಿಲ್ಲ. ಅವನ ಕೊನೆಯ ಪಂದ್ಯ ಮೇ 12ರಂದು ಒಕ್ಲಹೋಮಾದಲ್ಲಿ ಮುಗಿದುಹೋಗಿತ್ತು. ಸ್ಪರ್ಸ್ ಸೋತಿತ್ತು, ಅವನು 19 ಪಾಯಿಂಟ್ ಹೊಡೆದಿದ್ದ, ಅಂಕಣ ಬಿಡುವಾಗ ಒಂದು ಬೆರಳು ಮೇಲೆತ್ತಿದ್ದ. ಅದು ಕೊನೆಯದು ಅಂತ ನಮಗೆ ಆಗ ಗೊತ್ತೂ ಇರಲಿಲ್ಲ.

ನಾನು ಡಂಕನ್‌ನ ಹಿಂದೆ ಬಿದ್ದದ್ದಕ್ಕೆ ಕಾರಣ ಒಂದು ಹಲಗೆ. ನಾವು ಆಡುತ್ತಿದ್ದ ಸಿಮೆಂಟ್ ಅಂಕಣದಲ್ಲಿ ಗಾಜಿನ ಬೋರ್ಡ್ ಇರಲಿಲ್ಲ, ಮರದ ಹಲಗೆಗಳನ್ನು ಜೋಡಿಸಿ ಬಿಳಿ ಬಣ್ಣ ಬಳಿದಿದ್ದರು. ಎಡಗಡೆಯ ಎರಡು ಹಲಗೆಗಳ ಮೊಳೆ ಸಡಿಲಾಗಿ, ಅಲ್ಲಿಗೆ ಚೆಂಡು ತಾಗಿದರೆ 'ಡಬ್' ಅಂತ ಸದ್ದು ಮಾಡಿ ಜೀವವಿಲ್ಲದ ಹಾಗೆ ಕೆಳಗೆ ಬೀಳುತ್ತಿತ್ತು. ಬಲಗಡೆ ಮಾತ್ರ ಗಟ್ಟಿ. ಹಾಗಾಗಿ ನಾವೆಲ್ಲ ಬಲಗಡೆಯಿಂದಲೇ, ಓರೆಯಾಗಿ ನಿಂತು, ಬೋರ್ಡಿನ ಮೇಲಿನ ಚೌಕದ ಮೂಲೆಗೆ ಹೊಡೆದು ರಿಂಗಿಗೆ ಬೀಳಿಸೋದನ್ನು ಕಲಿತೆವು. ಅದೇ ಶಾಟನ್ನು ಟಿವಿಯಲ್ಲಿ ಒಬ್ಬ ಆರಡಿ ಹನ್ನೊಂದು ಇಂಚಿನ ಮನುಷ್ಯ, ಪ್ರಪಂಚದ ದೊಡ್ಡ ಅಂಕಣದಲ್ಲಿ, ಮುಖದಲ್ಲಿ ಒಂದು ಗೆರೆಯೂ ಅಲುಗಿಸದೆ ಹೊಡೆಯೋದನ್ನು ನೋಡಿದಾಗ ಎಷ್ಟು ಖುಷಿಯಾಯಿತು ಅಂತ ಹೇಳೋಕಾಗಲ್ಲ. ನಮ್ಮ ಬಡ ಹಲಗೆಯ ಆಟ ಅವನ ಆಟವೂ ಆಗಿತ್ತು. ಆಮೇಲೆ ಓದಿದೆ: ಅವನು ವರ್ಜಿನ್ ದ್ವೀಪಗಳ ಸೇಂಟ್ ಕ್ರೋಯ್‌ನವನು, ಚಿಕ್ಕವನಾಗಿದ್ದಾಗ ಈಜುಗಾರ. 1989ರಲ್ಲಿ ಹ್ಯೂಗೊ ಚಂಡಮಾರುತ ಬಂದು ಊರಿನ ಈಜುಕೊಳವನ್ನೇ ಹಾಳುಮಾಡಿತು. ಮಾರನೇ ವರ್ಷ ತಾಯಿ ಕ್ಯಾನ್ಸರಿನಿಂದ ಹೋದರು. ಡಿಗ್ರಿ ಮುಗಿಸುತ್ತೇನೆ ಅಂತ ಅಮ್ಮನಿಗೆ ಕೊಟ್ಟ ಮಾತಿಗೆ, ಕೋಟಿಗಟ್ಟಲೆ ದುಡ್ಡು ಕಾಯುತ್ತಿದ್ದರೂ ನಾಲ್ಕು ವರ್ಷ ಪೂರ್ತಿ ಓದಿ 1997ರಲ್ಲಿ ಅಮೆರಿಕದ ದೊಡ್ಡ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಗೆ ಬಂದ.

"ಡಂಕನ್ ಅಂದ್ರೆ ದ್ರಾವಿಡ್ ಕಣೆ" ಅಂತ ಅಣ್ಣ ಹೇಳುತ್ತಿದ್ದ. ಹಾಗಂದರೆ ನಮ್ಮೂರಲ್ಲಿ ಎಲ್ಲರಿಗೂ ತಕ್ಷಣ ಅರ್ಥವಾಗುತ್ತೆ. ದ್ರಾವಿಡ್ ಕೂಡ 2012ರಲ್ಲಿ ಚಿನ್ನಸ್ವಾಮಿಯಲ್ಲಿ ಒಂದು ಸುದ್ದಿಗೋಷ್ಠಿ ಮಾಡಿ, ಬೀಳ್ಕೊಡುಗೆ ಪಂದ್ಯ ಇಲ್ಲದೆ ಹೊರಟರು. ಆದರೆ ಈ ಹೋಲಿಕೆಯಲ್ಲಿ ಒಂದು ಮೋಸ ಇದೆ ಅನ್ನಿಸುತ್ತೆ. ಮೌನವಾಗಿ ಹೋದವನು ಒಳ್ಳೆಯವನು, ಸದ್ದು ಮಾಡಿ ಹೋದವನು ಸ್ವಾರ್ಥಿ ಅಂತ ನಾವೇ ಬರೆದುಬಿಡುತ್ತೇವೆ. ಡಂಕನ್ ಮೌನವಾಗಿದ್ದದ್ದು ಅವನ ಸ್ವಭಾವ. ಕೋಬಿಗೆ ಜನ ಬೇಕಿತ್ತು, ಅದು ಅವನ ಸ್ವಭಾವ. ವಿದಾಯದ ರೀತಿ ನೋಡಿ ಆಟ ಅಳೆಯೋದು ಸರಿಯಲ್ಲ ಅಲ್ವಾ?

ನಾವು ಜಗಳ ಆಡಿದ ಲೆಕ್ಕ

ಆ ವರ್ಷ ಪೂರ್ತಿ ಅಣ್ಣ-ತಂಗಿ ಈ ಜಗಳ ನಡೆಸಿದೆವು. ಫೋನಿನಲ್ಲಿ, ಮದುವೆ ಮನೆಯಲ್ಲಿ, ಒಮ್ಮೆ ಆಸ್ಪತ್ರೆಯ ಕಾರಿಡಾರಿನಲ್ಲಿ ಅಪ್ಪನ ರಿಪೋರ್ಟಿಗೆ ಕಾಯುತ್ತಾ. ಇಬ್ಬರಿಗೂ ಐದೈದು ಚಾಂಪಿಯನ್‌ಶಿಪ್. 1999ರಿಂದ 2010ರವರೆಗಿನ 12 ವರ್ಷದಲ್ಲಿ ಒಂಬತ್ತು ಪಟ್ಟ ಇವರಿಬ್ಬರಲ್ಲೇ ಹಂಚಿಹೋದವು. ಡಂಕನ್‌ಗೆ ಎರಡು ಸಲ ಎಂವಿಪಿ, ಅಂದರೆ ಸೀಸನ್‌ನ ಶ್ರೇಷ್ಠ ಆಟಗಾರ ಪ್ರಶಸ್ತಿ, ಕೋಬಿಗೆ ಒಂದೇ ಸಲ, 2008ರಲ್ಲಿ. ಫೈನಲ್‌ನ ಶ್ರೇಷ್ಠ ಆಟಗಾರ ಪ್ರಶಸ್ತಿ ಡಂಕನ್‌ಗೆ ಮೂರು, ಕೋಬಿಗೆ ಎರಡು. "ಕೋಬಿಯ ಮೊದಲ ಮೂರು ಪಟ್ಟ ಅವನ ಜೊತೆ ಆಡಿದ ಶಕೀಲ್ 'ಶಾಕ್' ಓನೀಲ್‌ದು" ಅಂತ ನಾನು. "ಶಾಕ್ ಹೋದ ಮೇಲೂ 2009, 2010 ಎರಡು ಗೆದ್ದ, ಅದು ಯಾರದ್ದು?" ಅಂತ ಅವನು. "ನಿವೃತ್ತಿಯಾದ ದಿನ ಅವನ ಹೆಸರಲ್ಲಿದ್ದ ಒಂದು ದಾಖಲೆ ಗೊತ್ತಾ, ಎನ್‌ಬಿಎಯಲ್ಲಿ ಅತಿ ಹೆಚ್ಚು ತಪ್ಪಿದ ಶಾಟ್, 14,481" ಅಂತ ನಾನು. "ಅಷ್ಟು ಸಲ ಸಾವಿರಾರು ಜನರ ಮುಂದೆ ತಪ್ಪೋಕೆ ಧೈರ್ಯ ಬೇಕಲ್ವಾ?" ಅಂತ ಅವನು.

ಅವನ ಈ ಕೊನೆಯ ಮಾತಿಗೆ ನಾನು ಇವತ್ತು ಸೋಲುತ್ತೇನೆ. 2010ರ ಫೈನಲ್‌ನ ಏಳನೇ ಪಂದ್ಯ, ಬೋಸ್ಟನ್ ವಿರುದ್ಧ. ಕೋಬಿ 24 ಎಸೆದು 6 ಬೀಳಿಸಿದ. ಯಾರೇ ಆಗಿದ್ದರೂ ಕುಗ್ಗಿಹೋಗುತ್ತಿದ್ದರು. ಅವನು ದೊಡ್ಡ ಮೈಯವರ ನಡುವೆ ನುಗ್ಗಿ 15 ರಿಬೌಂಡ್, ಅಂದರೆ ಒಳಗೆ ಬೀಳದೆ ಪುಟಿದು ಬಂದ ಚೆಂಡು, ಹಿಡಿದ. ಕೈ ಮಾತು ಕೇಳದ ದಿನ ಮೈಯಲ್ಲಿ ಉಳಿದದ್ದನ್ನೆಲ್ಲ ಕೊಟ್ಟ. 2013ರ ಏಪ್ರಿಲ್ 12ರಂದು ಗೋಲ್ಡನ್ ಸ್ಟೇಟ್ ವಿರುದ್ಧ ಹಿಮ್ಮಡಿಯ ಅಕಿಲಿಸ್ ನರ ಕಿತ್ತುಹೋಯಿತು. ಆ ಕಾಲಲ್ಲೇ, ಫೌಲ್ ಆದಾಗ ಯಾರೂ ಅಡ್ಡ ಬರದೆ ಎಸೆಯೋ ಫ್ರೀ ಥ್ರೋ ಗೆರೆಗೆ ಬಂದು ನಿಂತು ಎರಡೂ ಹಾಕಿದ, ಆಮೇಲೆ ಯಾರ ಹೆಗಲೂ ಹಿಡಿಯದೆ ಒಳಗೆ ನಡೆದುಹೋದ. ಆ ಎರಡು ಶಾಟನ್ನು ನಾನು ಎಷ್ಟು ಸಲ ನೋಡಿದ್ದೇನೋ. ಅವನು ಗೆರೆಯ ಮೇಲೆ ಕಾಲು ಊರುವ ರೀತಿ ನೋಡಬೇಕು. ಎಡಗಾಲಿಗೆ ಭಾರ ಬೀಳದ ಹಾಗೆ ಸ್ವಲ್ಪ ಬಲಕ್ಕೆ ವಾಲಿ, ಮೊಣಕಾಲು ಬಗ್ಗಿಸೋದನ್ನೇ ಬಿಟ್ಟು, ಬರೀ ಭುಜ ಮತ್ತು ಮಣಿಕಟ್ಟಿನಿಂದ ಎಸೆಯುತ್ತಾನೆ. ಆಡಿದವರಿಗೆ ಗೊತ್ತು, ಫ್ರೀ ಥ್ರೋ ಕೈಯಿಂದ ಬರಲ್ಲ, ಕಾಲಿನಿಂದ ಬರುತ್ತೆ. ಕಾಲೇ ಇಲ್ಲದೆ ಅವನು ಎರಡು ಹಾಕಿದ.

ನನ್ನ ತೀರ್ಮಾನ ಕೇಳಿದರೆ ಈಗಲೂ ಇದೇ: ಒಂದು ಟೀಮ್ ಕಟ್ಟಬೇಕು ಅಂದರೆ ನಾನು ಮೊದಲು ಡಂಕನ್‌ನನ್ನೇ ಕರೆಯುತ್ತೇನೆ. ಅವನು ಆಡಿದ 19 ಸೀಸನ್‌ನಲ್ಲಿ ಒಂದರಲ್ಲೂ ಸ್ಪರ್ಸ್ ಪ್ಲೇಆಫ್ ತಪ್ಪಿಸಿಕೊಳ್ಳಲಿಲ್ಲ. ವಯಸ್ಸಾದ ಮೇಲೆ ಸಂಬಳ ಅರ್ಧಕ್ಕೆ ಇಳಿಸಿಕೊಂಡ, ಉಳಿದ ದುಡ್ಡಲ್ಲಿ ಬೇರೆ ಆಟಗಾರರು ಬರಲಿ ಅಂತ. ಕೋಬಿ ಅಕಿಲಿಸ್ ಏಟಿನಿಂದ ವಾಪಸ್ ಬರೋಕೆ ಮುಂಚೆಯೇ ಎರಡು ವರ್ಷಕ್ಕೆ 4.85 ಕೋಟಿ ಡಾಲರ್‌ಗೆ ಸಹಿ ಹಾಕಿದ. ಅವನ ಕೊನೆಯ ಮೂರು ಸೀಸನ್‌ನಲ್ಲಿ ಲೇಕರ್ಸ್ ಗೆದ್ದದ್ದು 27, 21, 17. ಆದರೆ ಅಂಕಣಕ್ಕೆ ಬಂದ ಮಕ್ಕಳು ಯಾರನ್ನು ನೋಡಿ ಬಂದರು ಅಂದರೆ ಕೋಬಿಯನ್ನು. ಬೆಳಗಿನ ಜಾವ ಎದ್ದು ಒಬ್ಬರೇ ಪ್ರಾಕ್ಟೀಸ್ ಮಾಡೋ ಹುಚ್ಚು, ಬೆನ್ನು ತಿರುಗಿಸಿ ನಿಂತು ಹಿಂದಕ್ಕೆ ಹಾರಿ ಎಸೆಯೋ ಆ ಶಾಟ್, ಇವೆಲ್ಲ ಅವನಿಂದ ಬಂದವು. ಕೊನೆಗೆ ಅಣ್ಣ ಒಂದು ಪೇಪರಿನಲ್ಲಿ ಎರಡು ಕಾಲಂ ಮಾಡಿದ. ಜಮಾ ಒಂದು ಕಡೆ, ಖರ್ಚು ಒಂದು ಕಡೆ. ಕಳೆದು ಬಾಕಿ ತೆಗೆದ. "ನೋಡು, ಎಷ್ಟು ಕಳೆದರೂ ಕೋಬಿ ಪ್ಲಸ್ಸಲ್ಲೇ ಇರ್ತಾನೆ" ಅಂದ. ಖರ್ಚಿನ ಕಾಲಂನಲ್ಲಿ ತಪ್ಪಿದ ಶಾಟ್ ಇತ್ತು, ಶಾಕ್ ಜೊತೆಗಿನ ಜಗಳ ಇತ್ತು, ಸಂಬಳ ಇತ್ತು. ಕೊಲೊರಾಡೋದ ಆ ಕೇಸ್ ಇರಲಿಲ್ಲ. ನಾನು ಪೇಪರ್ ನೋಡಿದೆ, ಪೆನ್ನು ಕೇಳಲಿಲ್ಲ.

ಸೈಬರ್ ಸೆಂಟರಿನ ಆ ಸಂಜೆ

ಯಾಕೆ ಕೇಳಲಿಲ್ಲ ಅಂದರೆ 2004ಕ್ಕೆ ಹೋಗಬೇಕು. ಆ ಮೇ ತಿಂಗಳಲ್ಲಿ ಲೇಕರ್ಸ್-ಸ್ಪರ್ಸ್ ಪ್ಲೇಆಫ್ ಸರಣಿ ನಡೀತಿತ್ತು. ಅಣ್ಣನ ಕೋಬಿ, ನನ್ನ ಡಂಕನ್, ಎದುರುಬದುರು. ನನಗೆ 19 ವರ್ಷ. ಮನೆಯಲ್ಲಿ ಕೇಬಲ್ ಇರಲಿಲ್ಲ, ಸಂಜೆ ಸೈಬರ್ ಸೆಂಟರಿಗೆ ಹೋಗಿ ಸ್ಕೋರ್ ನೋಡುತ್ತಿದ್ದೆವು. ಪ್ಲೈವುಡ್ ಗೂಡು, ಒಂದು ಕಂಪ್ಯೂಟರಿಗೆ ಎರಡು ಸ್ಟೂಲ್, ಪುಟ ತೆರೆಯೋಕೆ ಒಂದು ಯುಗ. ಅಣ್ಣ ಮೌಸ್ ಹಿಡಿದಿದ್ದ. ಮೇಲಿನಿಂದ ಗೆರೆ ಗೆರೆಯಾಗಿ ಒಂದು ಫೋಟೋ ಇಳಿಯಿತು. ಸೂಟು ಹಾಕಿದ ಕೋಬಿ. ಇದೇನು ಅಂತ ಓದಿದೆವು. ಮೇ 11ರ ಹಗಲು ಅವನು ಕೊಲೊರಾಡೋದ ಈಗಲ್ ಅನ್ನೋ ಊರಿನ ನ್ಯಾಯಾಲಯದಲ್ಲಿ ನಿಂತು ತಾನು ತಪ್ಪಿತಸ್ಥನಲ್ಲ ಅಂತ ಹೇಳಿದ್ದ. ಅಲ್ಲಿಂದ ವಿಮಾನ ಹತ್ತಿ ಲಾಸ್ ಏಂಜಲಿಸ್‌ಗೆ ಬಂದು, ಅದೇ ರಾತ್ರಿ ಸ್ಪರ್ಸ್ ವಿರುದ್ಧ 42 ಪಾಯಿಂಟ್ ಹೊಡೆದಿದ್ದ. ಅಣ್ಣ ಮೇಜು ಕುಟ್ಟಿದ. "ಬೆಳಿಗ್ಗೆ ಆ ಕೋರ್ಟು, ರಾತ್ರಿ ಈ ಕೋರ್ಟು! ಇವನು ಮನುಷ್ಯನೇ ಅಲ್ಲ ಕಣೆ!"

ನಾನು ನಕ್ಕೆ. ಮನಸಾರೆ ನಕ್ಕೆ. ನನ್ನ ತಂಡ ಸೋತಿದ್ದರೂ ನಕ್ಕೆ. ಮನೆಗೆ ಹೋಗೋ ದಾರಿಯಲ್ಲಿ ಆ ಮಾತನ್ನು ಇಬ್ಬರೂ ಎರಡು ಮೂರು ಸಲ ಹೇಳಿಕೊಂಡೆವು. ಮಾರನೇ ದಿನ ಟೀಮಿನ ಹುಡುಗಿಯರಿಗೆ ನಾನೇ ಹೇಳಿದೆ, ಅವರೂ ನಕ್ಕರು.

ಆ ಪುಟದಲ್ಲಿ ಇನ್ನೊಂದು ವಿಷಯ ಇತ್ತು. ದೂರು ಕೊಟ್ಟವಳು ಹೋಟೆಲಿನಲ್ಲಿ ಕೆಲಸಕ್ಕಿದ್ದ ಹುಡುಗಿ. ಘಟನೆ ನಡೆದಾಗ ಅವಳಿಗೂ 19. ನನ್ನ ವಯಸ್ಸು. ಅದನ್ನು ನಾನು ಓದಿದ್ದೆ, ಖಂಡಿತ ಓದಿದ್ದೆ. ಓದಿಯೂ ಕಣ್ಣು ಮುಂದಕ್ಕೆ ಜಾರಿಸಿ 42ರ ಹತ್ತಿರ ಹೋಗಿ ನಿಂತೆ. ಆಮೇಲೆ ಏನೇನಾಯಿತು ಅನ್ನೋದು ದಾಖಲಾಗಿದೆ. ಅವಳ ಹೆಸರು ಗುಟ್ಟಾಗಿ ಇರಬೇಕಿತ್ತು, ಹೊರಬಿತ್ತು. ಜೀವ ಬೆದರಿಕೆ ಬಂದವು. ಸೆಪ್ಟೆಂಬರ್ 1ಕ್ಕೆ, ಅವಳು ಸಾಕ್ಷಿ ಹೇಳೋಕೆ ಸಿದ್ಧಳಿಲ್ಲ ಅಂತ ಸರ್ಕಾರಿ ವಕೀಲರು ಕ್ರಿಮಿನಲ್ ಕೇಸ್ ಕೈಬಿಟ್ಟರು. ಅಂದರೆ ಕೋಬಿಗೆ ಶಿಕ್ಷೆಯೂ ಆಗಲಿಲ್ಲ, ವಿಚಾರಣೆ ಪೂರ್ತಿ ನಡೆದು ನಿರ್ದೋಷಿ ಅನ್ನೋ ತೀರ್ಪೂ ಬರಲಿಲ್ಲ. ಅದೇ ದಿನ ಅವನೊಂದು ಹೇಳಿಕೆ ಕೊಟ್ಟು ಅವಳ ಕ್ಷಮೆ ಕೇಳಿದ. ಇಬ್ಬರ ಒಪ್ಪಿಗೆಯಿಂದಲೇ ಆಯಿತು ಅಂತ ತಾನು ನಂಬಿದ್ದೇನೆ, ಆದರೆ ಅವಳು ಅದನ್ನು ಹಾಗೆ ನೋಡಲಿಲ್ಲ ಅನ್ನೋದು ಈಗ ತನಗೆ ಅರ್ಥವಾಗಿದೆ ಅನ್ನೋದು ಅದರ ಸಾರ. ಸಿವಿಲ್ ದಾವೆ 2005ರಲ್ಲಿ ರಾಜಿಯಲ್ಲಿ ಮುಗಿಯಿತು, ಷರತ್ತು ಹೊರಬರಲಿಲ್ಲ. 'ಬ್ಲ್ಯಾಕ್ ಮಾಂಬಾ' ಅನ್ನೋ ವಿಷದ ಹಾವಿನ ಹೆಸರನ್ನು ಅವನು ತನಗೆ ತಾನೇ ಇಟ್ಟುಕೊಂಡದ್ದು ಆ ದಿನಗಳನ್ನು ದಾಟೋಕೆ, ಹಾಗಂತ ಅವನೇ ಹೇಳಿಕೊಂಡಿದ್ದಾನೆ. ನಾವು ಟೀ ಶರ್ಟಿನ ಮೇಲೆ ಹಾಕಿಕೊಂಡು ತಿರುಗುವ ಹೆಸರು ಅದು.

ಆ ಕೋಣೆಯೊಳಗೆ ಏನು ನಡೆಯಿತು ಅಂತ ಮೈಸೂರಿನಲ್ಲಿ ಕೂತ ನಾನು ತೀರ್ಪು ಕೊಡೋಕೆ ಬರಲ್ಲ. ಆದರೆ ಅವಳು ದೂರು ಕೊಟ್ಟಾಗ ಅವಳ ಸುತ್ತ ಎದ್ದ ಸದ್ದಿನಲ್ಲಿ ನನ್ನ ನಗುವೂ ಇತ್ತು. ಅದಕ್ಕೆ ಮಾತ್ರ ನಾನೇ ಜವಾಬ್ದಾರಿ.

ಇನ್ನೊಬ್ಬರ ಸಾಲಕ್ಕೆ ಜಮಾ

2020ರ ಜನವರಿ 26ರ ನಂತರ ವಾದವೇ ನಿಂತುಹೋಯಿತು. ಕ್ಯಾಲಿಫೋರ್ನಿಯಾದ ಕ್ಯಾಲಬಾಸಸ್ ಗುಡ್ಡಕ್ಕೆ ಹೆಲಿಕಾಪ್ಟರ್ ಬಡಿದು ಒಂಬತ್ತು ಜನ ಹೋದರು. ಕೋಬಿ, 13 ವರ್ಷದ ಮಗಳು ಜಿಯಾನಾ, ಅವಳ ಜೊತೆ ಆಡುತ್ತಿದ್ದ ಇಬ್ಬರು ಹುಡುಗಿಯರು, ಅವರ ಮನೆಯವರು, ಒಬ್ಬ ಸಹಾಯಕ ಕೋಚ್, ಪೈಲಟ್. ಹೋಗುತ್ತಿದ್ದದ್ದು ಹುಡುಗಿಯರ ಬ್ಯಾಸ್ಕೆಟ್‌ಬಾಲ್ ಪಂದ್ಯಕ್ಕೆ. ಅವನೇ ಅವರ ಕೋಚ್. ನಾನು ಆವತ್ತು ಅತ್ತೆ. ಈಗ ನೆನೆದರೂ ಗಂಟಲು ಕಟ್ಟುತ್ತೆ. ನಿವೃತ್ತಿಯ ನಂತರ ಅವನು ಹುಡುಗಿಯರ ಆಟದ ಪರವಾಗಿ ನಿಂತ ಹಾಗೆ ಅವನ ಮಟ್ಟದ ಬೇರೆ ಗಂಡಸು ಆಟಗಾರರು ನಿಂತದ್ದು ಕಡಿಮೆ. ಮಗಳ ಪಕ್ಕ ಕೂತು ಆಟದ ಒಂದೊಂದು ಹೆಜ್ಜೆಯನ್ನೂ ಬೆರಳು ಮಡಚಿ ವಿವರಿಸುವ ಆ ವಿಡಿಯೋ ನೋಡಿದಾಗ, ಹುಡುಗರು ಬಂದ ಕೂಡಲೇ ಅಂಕಣ ಬಿಟ್ಟುಕೊಡಬೇಕಾಗಿದ್ದ ನನ್ನಂಥವಳಿಗೆ ಹೊಟ್ಟೆ ತುಂಬುತ್ತೆ. ಅದೂ ಸುಳ್ಳಲ್ಲ. 2021ರ ಮೇ ತಿಂಗಳಲ್ಲಿ ಕೋಬಿ, ಡಂಕನ್ ಇಬ್ಬರನ್ನೂ ಒಂದೇ ದಿನ ಬ್ಯಾಸ್ಕೆಟ್‌ಬಾಲ್ ದಿಗ್ಗಜರ ಹಾಲ್ ಆಫ್ ಫೇಮ್‌ಗೆ ಸೇರಿಸಿದರು. ಕೋಬಿಯ ಪರವಾಗಿ ಹೆಂಡತಿ ವನೆಸ್ಸಾ ಮಾತಾಡಿದರು. ಅಣ್ಣ ಫೋನ್ ಮಾಡಿ "ಇಬ್ಬರೂ ಒಟ್ಟಿಗೆ ಹೋದ್ರು, ನಮ್ಮ ಜಗಳ ಡ್ರಾ" ಅಂದ. ನಾನು ಹೂಂ ಅಂದೆ.

ಪುಟ್ಟಿಯ ಪ್ರಶ್ನೆ ಬಂದ ರಾತ್ರಿ ನನಗೆ ನೆನಪಾದದ್ದು ಅಣ್ಣನ ಆ ಎರಡು ಕಾಲಂ. ಬೆಳಿಗ್ಗೆ ಅವನು ಕಾಫಿ ಕುಡಿಯುವಾಗ ಕೇಳಿದೆ. "ಅಣ್ಣ, ನಿನ್ನ ಬ್ಯಾಂಕಿನಲ್ಲಿ ನನ್ನ ಖಾತೇಲಿ ಒಂದು ಲಕ್ಷ ಇದೆ ಅಂದುಕೋ. ಎದುರುಮನೆಯವರಿಗೆ ಯಾರೋ ಐವತ್ತು ಸಾವಿರ ಕೊಡಬೇಕು. ನನ್ನ ಖಾತೆ ತುಂಬಿದೆ ಅಂತ ಅವರ ಬಾಕಿ ತೀರಿತು ಅಂತ ಬರೆಯೋಕೆ ಬರುತ್ತಾ?" ಅವನು ನಕ್ಕು "ಹಾಗೆ ಬರೆದ್ರೆ ನನ್ನ ಕೆಲಸ ಹೋಗುತ್ತೆ" ಅಂದ. "ಮತ್ತೆ ಕೋಬಿ ವಿಷಯದಲ್ಲಿ ಹಾಗೇ ಬರೆದ್ಯಲ್ಲ" ಅಂದೆ. ಲೋಟ ಕೆಳಗಿಟ್ಟ. ನಾನು ಆವತ್ತು ನುಂಗಿಕೊಂಡದ್ದನ್ನೆಲ್ಲ ಹೇಳಿದೆ. 60 ಪಾಯಿಂಟು, 81 ಪಾಯಿಂಟು, ನರ ಕಿತ್ತ ಕಾಲಿನ ಎರಡು ಫ್ರೀ ಥ್ರೋ, ಇವೆಲ್ಲ ಅವನು ಕೊಟ್ಟದ್ದು ನಮಗೆ. ನಿನಗೆ, ನನಗೆ, ಪುಟ್ಟಿಗೆ. ನಮ್ಮ ಖಾತೆಗೆ ಜಮಾ ಆಗಿದೆ, ನಾವು ಅವನಿಗೆ ಋಣಿ, ಆ ಋಣ ನಿಜ. ಆದರೆ ಆ ಹುಡುಗಿಗೆ ಅವನ ಒಂದು ಪಾಯಿಂಟೂ ಸಿಗಲಿಲ್ಲ. ಅವಳ ಖಾತೆ ಬೇರೆ. ನಮಗೆ ಬಂದದ್ದರಿಂದ ಅವಳ ಖಾತೆ ಚುಕ್ತಾ ಮಾಡೋಕೆ ನಾವು ಯಾರು? ಅದೇ ಥರ, ಅವಳ ಖಾತೆ ತೆರೆದಿದೆ ಅಂತ ನೀನು ಆವತ್ತು ಅತ್ತದ್ದು ಸುಳ್ಳು ಆಗಲ್ಲ. ಕಳೆದು ಬಾಕಿ ತೆಗೆಯೋಕೆ ಇದು ಒಂದೇ ಖಾತೆ ಅಲ್ಲವೇ ಅಲ್ಲ.

ಅಣ್ಣ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ, "ಸೈಬರ್ ಸೆಂಟರಲ್ಲಿ ಆ ಮಾತು ನಾನೇ ಹೇಳಿದ್ದು ಅಲ್ವಾ" ಅಂದ. ಅವನಿಗೆ ನೆನಪಿತ್ತು. ಇಷ್ಟು ವರ್ಷ ನಾನೊಬ್ಬಳೇ ನೆನಪಿಟ್ಟುಕೊಂಡಿದ್ದೇನೆ ಅಂದುಕೊಂಡಿದ್ದೆ.

ಸಂಜೆ ಪುಟ್ಟಿಯನ್ನು ಕರೆದುಕೊಂಡು ಅಂಕಣಕ್ಕೆ ಹೋದೆ. ಹಳೇ ಹಲಗೆ ಈಗಿಲ್ಲ, ಗಾಜಿನಂಥ ಬೋರ್ಡ್ ಹಾಕಿದ್ದಾರೆ. ಎರಡೂ ಕಡೆಯಿಂದ ಚೆಂಡು ಒಂದೇ ಥರ ಪುಟಿಯುತ್ತೆ. ಅವಳು ಸ್ವಲ್ಪ ಹೊತ್ತು ಬೆನ್ನು ತಿರುಗಿಸಿ ನಿಂತು, ಎಡ ಭುಜ ಅಲ್ಲಾಡಿಸಿ ಬಲಕ್ಕೆ ತಿರುಗಿ ಎಸೆಯೋದನ್ನೇ ಪ್ರಾಕ್ಟೀಸ್ ಮಾಡಿದಳು. ಹತ್ತರಲ್ಲಿ ಮೂರು ಬೀಳುತ್ತಿತ್ತು. ಆಮೇಲೆ ಮೆಟ್ಟಿಲ ಮೇಲೆ ಕೂತೆವು. ನಾನು ಏನನ್ನೂ ಬಿಡದೆ, ಅವಳ ವಯಸ್ಸಿಗೆ ಅರ್ಥವಾಗೋ ಮಾತಿನಲ್ಲಿ ಹೇಳಿದೆ. ದೂರು, ಕೇಸ್ ಬಿದ್ದುಹೋದದ್ದು, ಅವನ ಕ್ಷಮೆಯ ಮಾತು. 42 ಪಾಯಿಂಟಿನ ಸುದ್ದಿ ಓದಿ ನಾನು ನಕ್ಕದ್ದನ್ನೂ ಹೇಳಿದೆ. ಬರೀಬೇಕಾ ಬೇಡವಾ ಅನ್ನೋದು ನಿನಗೆ ಬಿಟ್ಟದ್ದು, ಬರೆದರೆ ನಾನು ನಿನ್ನ ಟೀಚರ್ ಜೊತೆ ಮಾತಾಡ್ತೀನಿ ಅಂದೆ.

ಅವಳು ಚೆಂಡನ್ನು ಮಡಿಲಲ್ಲಿ ಇಟ್ಟುಕೊಂಡು ಅದರ ಗೀರುಗಳ ಮೇಲೆ ಬೆರಳಾಡಿಸುತ್ತಾ ಕೇಳುತ್ತಿದ್ದಳು. ಕೋಬಿ ಒಳ್ಳೆಯವನಾ ಕೆಟ್ಟವನಾ ಅಂತ ಕೇಳುತ್ತಾಳೆ, ಅದಕ್ಕೆ ಏನು ಹೇಳಲಿ ಅಂತ ನಾನು ಒಳಗೊಳಗೇ ಸಿದ್ಧ ಮಾಡಿಕೊಳ್ಳುತ್ತಿದ್ದೆ. ಅವಳು ಅದನ್ನು ಕೇಳಲಿಲ್ಲ.

"ಆ ಅಕ್ಕ ಈಗ ಹೇಗಿದ್ದಾರೆ ಅತ್ತೆ?" ಅಂದಳು.

ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಆಯಿತು, ನಮ್ಮ ಮನೆಯಲ್ಲಿ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ಗೊತ್ತಿಲ್ಲ ಪುಟ್ಟಿ ಅಂದೆ. ಅವಳು ಸ್ವಲ್ಪ ಹೊತ್ತು ಹಾಗೇ ಕೂತಿದ್ದು, ಎದ್ದು, ಬಲಗಡೆಯ ಮೂಲೆಗೆ ನಡೆದಳು.